ಶೇಷಪ್ಪನವರು ರೂಟರ್ ಆರಿಸಿದ್ದು

ಮಾಸ್ತಮ್ಮನವರು ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ್ದು ಎರಡೇ ಮಾತು. "ನಾಳೆಯಿಂದ ನೀವು ಮನೇಲೇ ಇರೋರು. ಆ ಮಿಷನ್ನು ಇವತ್ತು ತಂದ್ರೆ ತಂದ್ರಿ, ಇಲ್ಲಾಂದ್ರೆ ಇನ್ಮೇಲೆ ಅದರ ಹೆಸರು ಈ ಮನೇಲಿ ಎತ್ತಬಾರ್ದು."

ಅದು ೨೦೦೩ರ ಜನವರಿಯ ಕೊನೆಯ ದಿನ, ಶುಕ್ರವಾರ. ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಬೇರೆಯವರ ಹಾಜರಿ ಬರೆದ ಶೇಷಪ್ಪನವರು ಅಂದು ನಿವೃತ್ತರಾಗುವವರಿದ್ದರು. ಸಂಜೆ ನಾಲ್ಕೂವರೆಗೆ ಸೆಕ್ಷನ್ನಿನವರು ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಅಷ್ಟರೊಳಗೆ ಶಿವಮೊಗ್ಗಕ್ಕೆ ಹೋಗಿ ಮಿಷನ್ನು ತರಬೇಕಿತ್ತು.

ಮಿಷನ್ನೆಂದರೆ ಮರಗೆಲಸದ ರೂಟರ್. ಕೈಯಲ್ಲಿ ಹಿಡಿದು ಹಲಗೆಯ ಮೇಲೆ ಓಡಿಸಿದರೆ, ತಳದಲ್ಲಿ ಗಿರ್ರನೆ ತಿರುಗುವ ‘ಬಿಟ್ಟು’ ಎಂಬ ಅಲಗು ಅಂಚನ್ನು ದುಂಡಗೆ ಮಾಡುತ್ತದೆ, ಬೇಕಾದರೆ ಹೂಬಳ್ಳಿಯನ್ನೂ ಕೊರೆಯುತ್ತದೆ. ನ್ಯೂ ಟೌನಿನ ಅಂಚಿನಲ್ಲಿದ್ದ ಮನೆಯ ಹಿತ್ತಲಲ್ಲಿ ಶೇಷಪ್ಪನವರದೊಂದು ತಗಡಿನ ಶೆಡ್ಡಿತ್ತು. ಅಲ್ಲಿ ಅವರು ಭಾನುವಾರಗಳನ್ನು ಕಳೆದು ಮೂರು ಸ್ಟೂಲು ಮಾಡಿದ್ದರು. ಮೂರರಲ್ಲಿ ಒಂದು ಅಲ್ಲಾಡುತ್ತಿರಲಿಲ್ಲ. ಮಿಕ್ಕ ಎರಡರ ದೋಷಕ್ಕೆ ರೂಟರ್ ಇಲ್ಲದಿರುವುದೇ ಕಾರಣ ಎಂದು ಅವರಿಗೆ ಆರು ತಿಂಗಳ ಹಿಂದೆ ಹೊಳೆದಿತ್ತು.

ಹೊಳೆದದ್ದೇನೋ ಸರಿ, ಯಾವ ರೂಟರ್ ಎಂಬುದು ಬಗೆಹರಿದಿರಲಿಲ್ಲ. ಕಾಲಿಂಚಿನ ಬಿಟ್ಟು ಹಿಡಿಯುವ ಚಿಕ್ಕದೋ, ಅರ್ಧ ಇಂಚಿನ ದೊಡ್ಡದೋ? ಅವರು ಕಂಪನಿಗಳಿಗೆ ಕಾರ್ಡು ಬರೆದು ಬಣ್ಣದ ಪುಸ್ತಕಗಳನ್ನು ತರಿಸಿಕೊಂಡರು. ಅವನ್ನು ಕ್ಯಾಂಟೀನಿಗೂ ಒಯ್ದರು. ಕೊನೆಕೊನೆಗೆ ಅವರು ಟೇಬಲ್ಲಿನ ಹತ್ತಿರ ಬಂದರೆ ಸಾಕು, ಉಪ್ಪಿಟ್ಟು ತಿನ್ನುತ್ತಿದ್ದವರು ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋಗಿಬಿಡುತ್ತಿದ್ದರು.

ತಟ್ಟೆ ಎತ್ತಿಕೊಂಡು ಹೋಗದ ಒಬ್ಬರೆಂದರೆ ಪಕ್ಕದ ಮನೆಯ ಧರ್ಮಪ್ಪನವರು. ಕಾರ್ಖಾನೆಯ ಕರೆಂಟಿನ ವಿಭಾಗದಲ್ಲಿದ್ದ ಅವರಿಗೆ ಎಲ್ಲದರ ಬಗ್ಗೆಯೂ ಒಂದು ಅಭಿಪ್ರಾಯವಿತ್ತು. ಆ ಬೆಳಿಗ್ಗೆ ಮನೆಯ ಗೇಟಿನಲ್ಲೇ ಶೇಷಪ್ಪನವರನ್ನು ತಡೆದು ನಿಲ್ಲಿಸಿ, ಮಿಷನ್ನಿನಲ್ಲಿ ನೋಡಬೇಕಾದ್ದು ವಾಟ್ ಒಂದೇ, ವಾಟಿಲ್ಲದ ಮಿಷನ್ನು ಉಪ್ಪಿಲ್ಲದ ಸಾರಿದ್ದಂತೆ ಎಂದು ಶುರುಮಾಡಿದರು. ತಾವೂ ಜೊತೆಗೆ ಬರುತ್ತೇನೆಂದರು. ಶೇಷಪ್ಪನವರು ಬಗೆಬಗೆಯಾಗಿ ಹೇಳಿ ತಪ್ಪಿಸಿಕೊಳ್ಳುವ ಹೊತ್ತಿಗೆ ಕಾರ್ಖಾನೆಯ ಕಡೆಗಿನ ಒಂಬತ್ತರ ಬಸ್ಸು ಹೋಗಿಯಾಗಿತ್ತು. ಆಮೇಲೆ ಕಾರ್ಖಾನೆಗೆ ಹೋಗಿ, ಕೊನೆಯ ಸಲ ಸಹಿ ಹಾಕಿ, ಗೇಟ್ ಪಾಸ್ ಬರೆಸಿಕೊಂಡು ಶಿವಮೊಗ್ಗ ಮುಟ್ಟಿದಾಗ ಹನ್ನೊಂದೂವರೆ.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಮಂಜಪ್ಪನ ಹಾರ್ಡ್‌ವೇರ್ ಅಂಗಡಿ. ಶೇಷಪ್ಪನವರು ಅಲ್ಲಿಗೆ ಬರುತ್ತಿದ್ದುದು ಅದು ಐದನೆಯ ಸಲ. ಹಿಂದಿನ ನಾಲ್ಕು ಸಲವೂ ವಿಚಾರಿಸಿ, ಗುರುತು ಹಾಕಿಕೊಂಡು, ಒಂದು ಪ್ಯಾಕೆಟ್ ಮೊಳೆ ಕೊಂಡು ಹೋಗಿದ್ದರು. ಮಂಜಪ್ಪ ಅವರನ್ನು ಕಂಡವನೇ ಮೊಳೆಯ ಡಬ್ಬಕ್ಕೆ ಕೈ ಹಾಕಿದ.

ಇವತ್ತು ಮೊಳೆಯಲ್ಲ, ಮಿಷನ್ನನ್ನೇ ಒಯ್ಯುತ್ತೇನೆ ಎಂದಾಗ ಅವನು ನಂಬಲಿಲ್ಲ. ಆದರೂ ಎರಡು ಡಬ್ಬಿ ಇಳಿಸಿದ. ಚಿಕ್ಕದು ಅದೊಂದೇ ಉಳಿದಿದೆ, ಮತ್ತೆ ಬರುವುದು ಯುಗಾದಿಯ ಹೊತ್ತಿಗೆ ಎಂದ. ದೊಡ್ಡದು ಎಂಟು ತಿಂಗಳಿಂದ ಅಟ್ಟದ ಮೇಲೆ ಕೂತು ಧೂಳು ಕುಡಿಯುತ್ತಿತ್ತು.

ಶೇಷಪ್ಪನವರು ಮೊದಲು ದೊಡ್ಡದನ್ನು ಓಡಿಸಿ ನೋಡಬಯಸಿದರು. ಮಂಜಪ್ಪ ಹಳೆಯದೊಂದು ತೇಗದ ತುಂಡನ್ನು ಮೇಜಿಗೆ ಬಿಗಿದುಕೊಟ್ಟ. ಆರು ಕೆಜಿ ತೂಕದ ಮಿಷನ್ನಿನ ಎರಡೂ ಹಿಡಿಗಳನ್ನು ಹಿಡಿದು ಅವರು ಸ್ವಿಚ್ಚು ಒತ್ತಿದರು. ಮಿಷನ್ನು ಹಗ್ಗ ಹರಿದ ಹೋರಿಯಂತೆ ಒಂದು ಸಲ ಎಗರಿ, ಅವರನ್ನೂ ಎಳೆದುಕೊಂಡು ತೇಗದ ತುಂಡನ್ನು ದಾಟಿ, ಮಂಜಪ್ಪನ ಮೇಜಿನ ಅಂಚಿನಲ್ಲಿ ಗೇಣುದ್ದ ಕಚ್ಚಿಹಾಕಿ ನಿಂತಿತು. ನಿಂತದ್ದು ಮಂಜಪ್ಪ ಪ್ಲಗ್ ಕಿತ್ತದ್ದರಿಂದ. ಗಲ್ಲಾದ ಮೇಲಿದ್ದ ಗಣಪತಿಯ ಪಟ ಓರೆಯಾಗಿತ್ತು. ಶೇಷಪ್ಪನವರ ಮೀಸೆಯ ತುಂಬ ಮರದ ಪುಡಿ.

ಚಿಕ್ಕದು ಹಾಗಲ್ಲ. ತುಂಬಿದ ಚೊಂಬಿನಂತೆ ಒಂದೇ ಕೈಗೆ ಒಗ್ಗಿತು. ತೇಗದ ಅಂಚಿನ ಮೇಲೆ ಎಗರದೆ ಸರಿದು, ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ನುಣ್ಣಗೆ ಮಾಡಿತು. ಅದನ್ನು ಕೆಳಗಿಡಲು ಶೇಷಪ್ಪನವರಿಗೆ ಮನಸ್ಸೇ ಬರಲಿಲ್ಲ.

ಅಲ್ಲಿಗೆ ದುಡ್ಡು ಕೊಟ್ಟು ಹೊರಟಿದ್ದರೆ ಕತೆ ಬೇರೆಯಾಗುತ್ತಿತ್ತು. ಆದರೆ ಆರು ತಿಂಗಳ ಅಭ್ಯಾಸ ಅಷ್ಟು ಬೇಗ ಬಿಡುತ್ತದೆಯೇ? ಒಂದು ಕಾಫಿ ಕುಡಿದು ಬರುತ್ತೇನೆ, ಇಟ್ಟಿರಿ ಎಂದು ಹೊರಟರು. ಹೋಟೆಲಿನಲ್ಲಿ ಕೂತು ಬಣ್ಣದ ಪುಸ್ತಕಗಳನ್ನು ಇನ್ನೊಮ್ಮೆ ತಿರುವಿಹಾಕಿದರು. ಕಾಫಿ ಎರಡಾಯಿತು, ಊಟವೂ ಆಯಿತು. ಚಿಕ್ಕದೇ ಸರಿ ಎಂದು ಕೊನೆಗೂ ಗಟ್ಟಿಮಾಡಿಕೊಂಡು ಎದ್ದಾಗ ಎರಡೂವರೆ.

ಅಂಗಡಿಗೆ ಬಂದು ನೋಡಿದರೆ, ಯಾರೋ ಒಬ್ಬ ಯುವಕ ಆ ಚಿಕ್ಕ ರೂಟರಿನ ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಜೇಬಿನಿಂದ ದುಡ್ಡು ತೆಗೆಯುತ್ತಿದ್ದ.

ಶೇಷಪ್ಪನವರು ಅವನ ಪಕ್ಕಕ್ಕೆ ಹೋಗಿ ನಿಂತು, ಮರಗೆಲಸ ಮಾಡುತ್ತೀರಾ ಎಂದು ನಯವಾಗಿ ಕೇಳಿದರು. ಅವನು ನಕ್ಕ. ಹೆಸರು ಯೋಗರಾಜ್ ಅಂತೆ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು.

"ನಂಗೆ ಇದರ ತಲೆಬುಡ ಗೊತ್ತಿಲ್ಲ ಸಾರ್. ಭಾವ ಫೋನ್ ಮಾಡಿ, ಒಂದು ರೂಟರ್ ತಗೊಂಡ್ ಬಾ ಅಂದ್ರು. ಯಾರೋ ಮನೇಲಿ ಇಟ್ಕೊಂಡು ಕೆಲಸ ಮಾಡೋರಿಗಂತೆ. ಈ ಅಂಗಡಿಯವರು ಚಿಕ್ಕದು ಸಾಕು ಅಂದ್ರು."

ಮನೆಯಲ್ಲಿಟ್ಟುಕೊಂಡು ಕೆಲಸ ಮಾಡುವವನಿಗೆ ಚಿಕ್ಕದೇ ಸರಿ ಎಂಬುದು ಆ ಹೊತ್ತು ಇಡೀ ಜಿಲ್ಲೆಯಲ್ಲಿ ಶೇಷಪ್ಪನವರಷ್ಟು ಚೆನ್ನಾಗಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಆಮೇಲೆ ಹತ್ತು ನಿಮಿಷ ಅವರು ಆಡಿದ ಮಾತಿನಲ್ಲಿ ಬಣ್ಣದ ಪುಸ್ತಕಗಳ ಸಾರವೆಲ್ಲ ಇತ್ತು. ಅರ್ಧ ಇಂಚಿನ ಬಿಟ್ಟು ನಡುಗುವುದಿಲ್ಲ, ದೊಡ್ಡ ಮೋಟಾರು ಬಿಸಿಯಾಗುವುದಿಲ್ಲ, ತೂಕವಿದ್ದಷ್ಟೂ ಕೈ ನಿಲ್ಲುತ್ತದೆ ಎಂದರು. ವಾಟಿನ ಮಾತೂ ಬಂತು. ಚಿಕ್ಕದನ್ನು ಕೊಟ್ಟರೆ ಆ ಮನುಷ್ಯ ಆರು ತಿಂಗಳಲ್ಲಿ ನಿಮ್ಮ ಭಾವನನ್ನು ಬೈದುಕೊಳ್ಳುತ್ತಾನೆ ಎಂದೂ ಹೇಳಿದರು. ಮಂಜಪ್ಪ, ಮಿಷನ್ನು ಗೇಣುದ್ದ ಕಚ್ಚಿದ್ದ ಮೇಜಿನ ಮೇಲೆ ಪೇಪರ್ ಹಾಸಿ ಸುಮ್ಮನೆ ಕೂತಿದ್ದ.

ಯೋಗರಾಜ್ ಡಬ್ಬಿಯನ್ನು ಕೆಳಗಿಟ್ಟ. ಶೇಷಪ್ಪನವರು ಅದನ್ನು ಎತ್ತಿಕೊಂಡರು.

"ಮತ್ತೆ ನೀವು ಚಿಕ್ಕದು ತಗೋತಾ ಇದೀರಲ್ಲ?" ಎಂದ ಯೋಗರಾಜ್.

"ಇದು ನನಗಲ್ಲಪ್ಪ. ಪಕ್ಕದ ಮನೆಯವರಿಗೆ. ಪಾಪ, ಈಗಿನ್ನೂ ಕಲೀತಾ ಇದಾರೆ."

ಯೋಗರಾಜ್ ಅವರಿಗೆ ಎರಡೆರಡು ಸಲ ಕೈ ಮುಗಿದು, ದೊಡ್ಡ ಡಬ್ಬಿಯನ್ನು ಹೆಗಲಿಗೇರಿಸಿಕೊಂಡು ಹೋದ.

ಬಸ್ಸಿನಲ್ಲಿ ಶೇಷಪ್ಪನವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹುಡುಗನ ಮುಖ ಒಂದೆರಡು ಸಲ ನೆನಪಾಯಿತು. ಯಾರೋ ಗಟ್ಟಿಮುಟ್ಟಾದವರಿಗೇ ಇರಬಹುದು, ಅವರಿಗೆ ದೊಡ್ಡದೇ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡರು. ಮನೆಗೆ ಹೋಗಿ ಬರಲು ಹೊತ್ತಿರಲಿಲ್ಲ. ಚೀಲದ ಸಮೇತ ನೇರವಾಗಿ ಕಾರ್ಖಾನೆಗೇ ಹೋದರು.

ಬೀಳ್ಕೊಡುಗೆ ಚೆನ್ನಾಗಿಯೇ ನಡೆಯಿತು. ಸೆಕ್ಷನ್ ಆಫೀಸರ್ ಷಡಕ್ಷರಪ್ಪನವರು ಶಾಲು ಹೊದಿಸಿ, ಗಂಧದ ಹಾರ ಹಾಕಿದರು. ಧರ್ಮಪ್ಪನವರೂ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಶೇಷಪ್ಪನವರು ಚೀಲವನ್ನು ಕುರ್ಚಿಯ ಕೆಳಗೆ ತಳ್ಳಿ, ಕಾಲಿನಿಂದ ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಕೊನೆಗೆ ಷಡಕ್ಷರಪ್ಪನವರು, ಪ್ರತಿ ಸಲದಂತೆ ಗೋಡೆ ಗಡಿಯಾರ ಕೊಡುವುದು ಬೇಡ, ಶೇಷಪ್ಪನವರು ಜಪ ಮಾಡುತ್ತಿರುವುದನ್ನೇ ಕೊಡೋಣ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾಗಿ ಹೇಳಿದರು. ಅದಕ್ಕಾಗಿ ಓಡಾಡಿದ್ದು ನಮ್ಮ ಸೆಕ್ಷನ್ನಿನ ಗೋವಿಂದನ ಭಾಮೈದ ಎಂದು ಬಾಗಿಲ ಕಡೆ ಕೈ ತೋರಿದರು.

ಬಾಗಿಲಲ್ಲಿ ಯೋಗರಾಜ್ ನಿಂತಿದ್ದ. ಹೆಗಲ ಮೇಲಿನ ಡಬ್ಬಿಗೆ ಕೆಂಪು ರಿಬ್ಬನ್ ಸುತ್ತಿತ್ತು.

ಹತ್ತಿರ ಬಂದು ಮುಖ ನೋಡಿದವನು ಅರಳಿಹೋದ. "ಅಯ್ಯೋ, ನೀವೇನಾ ಸಾರ್. ಭಾವ, ನಾನು ಚಿಕ್ಕದು ತಗೊಂಡುಬಿಟ್ಟಿದ್ದೆ. ಇವರೇ ಕೂತು ತಿಳಿಸಿಹೇಳಿ ದೊಡ್ಡದು ಕೊಡಿಸಿದ್ದು."

ಎಲ್ಲರೂ ಚಪ್ಪಾಳೆ ತಟ್ಟಿದರು. ತನಗೆ ಏನು ಬೇಕೆಂದು ಇಷ್ಟು ಖಚಿತವಾಗಿ ಗೊತ್ತಿರುವ ಮನುಷ್ಯನನ್ನು ತಾವು ಕಂಡಿಲ್ಲವೆಂದು ಷಡಕ್ಷರಪ್ಪನವರು ಕೊಂಡಾಡಿದರು. ಆರು ಕೆಜಿ ಶೇಷಪ್ಪನವರ ತೋಳಿಗೆ ಬಂದು ಕೂತಿತು. ಆದರೂ ಅವರು ಎದೆಗುಂದಲಿಲ್ಲ. ಕುರ್ಚಿಯ ಕೆಳಗೆ ಚಿಕ್ಕದು ಇದ್ದೇ ಇದೆಯಲ್ಲ.

"ಅಂದಹಾಗೆ ಸಾರ್," ಎಂದ ಯೋಗರಾಜ್, "ಪಕ್ಕದ ಮನೆಯವರಿಗೆ ಅಂತ ಚಿಕ್ಕದು ತಗೊಂಡ್ರಲ್ಲ. ಕಲೀತಾ ಇದಾರೆ ಅಂದ್ರಿ. ಕೊಟ್ರಾ ಅವರಿಗೆ?"

ಮೊದಲ ಸಾಲಿನಲ್ಲಿ ಧರ್ಮಪ್ಪನವರು ನಿಧಾನವಾಗಿ ಎದ್ದು ನಿಂತರು. ಶೇಷಪ್ಪನವರ ಮನೆಗೆ ಒಂದು ಪಕ್ಕದಲ್ಲಿ ಅವರ ಮನೆ, ಇನ್ನೊಂದು ಪಕ್ಕದಲ್ಲಿ ಖಾಲಿ ಸೈಟು.

"ಮಾರಾಯ್ರೆ," ಎಂದರು ಧರ್ಮಪ್ಪನವರು. "ಕಲೀಬೇಕು ಅನ್ನೋ ಆಸೆ ನನ್ನ ಹೆಂಡತಿಗೂ ಗೊತ್ತಿಲ್ಲ. ನಿಮಗೆ ಹೆಂಗೆ ಗೊತ್ತಾಯ್ತು?"

ನಲವತ್ತು ಜನ ಶೇಷಪ್ಪನವರನ್ನೇ ನೋಡುತ್ತಿದ್ದರು. ಅವರು ಬಗ್ಗಿ, ಕುರ್ಚಿಯ ಕೆಳಗಿನ ಚೀಲವನ್ನು ಎಳೆದುಕೊಟ್ಟರು. ಧರ್ಮಪ್ಪನವರು ಅದನ್ನು ಎಳೆಗೂಸಿನಂತೆ ಎದೆಗೊತ್ತಿಕೊಂಡರು. ದುಡ್ಡಿನ ಮಾತೆತ್ತಿ ಈ ಪ್ರೀತಿಗೆ ಅವಮಾನ ಮಾಡುವುದಿಲ್ಲ ಎಂದರು.

ಸಂಜೆ ದೊಡ್ಡ ಡಬ್ಬಿಯನ್ನು ಶೆಡ್ಡಿನಲ್ಲಿಳಿಸಿ ಶೇಷಪ್ಪನವರು ಸ್ಟೂಲಿನ ಮೇಲೆ ಕೂತರು. ಮಾಸ್ತಮ್ಮನವರು ಬಂದು, ಅಂತೂ ತಂದರಲ್ಲ ಎಂದು ಸಂತೋಷಪಟ್ಟು, ಡಬ್ಬಿಗೆ ಕುಂಕುಮವಿಟ್ಟು ಹೋದರು. ಕಾಂಪೌಂಡಿನ ಆಚೆ ಆಗಲೇ ಮಿಷನ್ನಿನ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ನಿಂತು, ಗೋಡೆಯ ಮೇಲೆ ಧರ್ಮಪ್ಪನವರ ತಲೆ ಕಾಣಿಸಿತು.

"ಶೇಷಪ್ಪನವ್ರೇ, ಇದನ್ನ ಅಂಚಿಗಿಟ್ಟು ಯಾವ ಕಡೆಯಿಂದ ಯಾವ ಕಡೆಗೆ ಓಡಿಸ್ಬೇಕು?"

ಉಲ್ಟಾ ಹೇಳಿಬಿಡೋಣವೇ ಎಂದು ಒಂದು ಸಲ ಅನಿಸಿದರೂ, ಶೇಷಪ್ಪನವರು ಬಣ್ಣದ ಪುಸ್ತಕದಲ್ಲಿದ್ದದ್ದನ್ನೇ ನೆನಪಿಸಿಕೊಂಡರು.

"ಎಡದಿಂದ ಬಲಕ್ಕೆ," ಎಂದರು.