ಮೂರು ಪ್ರೈಮರಿ, ಒಂದು ವೋಟು

ಜೂನ್ 6, 2000, ಮಂಗಳವಾರ. ಬೆಳಗಿನಿಂದ ಜಿನುಗು ಮಳೆ. ಜೂನ್ ಎಂದು ಕ್ಯಾಲೆಂಡರ್ ಹೇಳುತ್ತಿದ್ದರೂ ಸ್ವೆಟರ್ ಹುಡುಕುವಂಥ ಚಳಿ.

ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ಬರುತ್ತದೆ. ನಮ್ಮ ನೆರೆಮನೆಯ ಧಾರವಾಡದ ಎಂಜಿನಿಯರರಿಗೆ ಅದರ ಜೊತೆಗೇ ಒಂದು ಎಡವಟ್ಟೂ ತಪ್ಪದೆ ಬರುತ್ತದೆ. ಚುನಾವಣೆಯನ್ನಾದರೂ ಮುಂದೂಡಬಹುದು, ಎಡವಟ್ಟನ್ನು ಆಗುವುದಿಲ್ಲ.

ಅವರ ಆಸೆ ದೊಡ್ಡದೇನಲ್ಲ. ಪ್ರತಿ ಪಕ್ಷವೂ ಅಧ್ಯಕ್ಷ ಪದವಿಗೆ ತನ್ನ ಅಭ್ಯರ್ಥಿ ಯಾರೆಂದು ಮೊದಲು ಜನರಿಂದ ಆರಿಸಿಕೊಳ್ಳುತ್ತದೆ. ಅದಕ್ಕೆ ಪ್ರೈಮರಿ ಎಂದು ಹೆಸರು. ಆ ಪ್ರೈಮರಿಯಲ್ಲಿ ತಮ್ಮ ಒಂದು ವೋಟು ಲೆಕ್ಕಕ್ಕೆ ಬರಬೇಕು, ಅಷ್ಟೇ.

"ನವೆಂಬರ್‌ದಾಗ ಇಬ್ಬರೊಳಗ ಒಬ್ಬರನ್ನ ಯಾರಾದ್ರೂ ಆರಿಸ್ತಾರ್ರೀ ಸರ," ಎನ್ನುತ್ತಿದ್ದರು. "ಬೀಗರು ತಂದು ತೋರಿಸಿದ ಎರಡು ಸೀರಿಯೊಳಗ ಒಂದನ್ನ ತಗೊಳ್ಳೋದು ಆರಿಸೋದಲ್ಲ. ಆರಿಸಬೇಕಂದ್ರ ಅಂಗಡಿಗೇ ಹೋಗಬೇಕು."

ಅವರು ಅಂಗಡಿಗೆ ಹೋದ ಕತೆಗಳಿವು.

1. ಬೆರಳು

ಆ ವರ್ಷದ ವಸಂತದಲ್ಲಿ ಅವರು ಅಮೆರಿಕದ ಪ್ರಜೆಯಾಗಿದ್ದರು. ನಾವಿದ್ದ ನ್ಯೂಜೆರ್ಸಿಯ ಮಾನ್ಮತ್ ಜಂಕ್ಷನ್‌ನಲ್ಲಿ ಮತಗಟ್ಟೆ ಎಂದರೆ ಅಗ್ನಿಶಾಮಕ ಠಾಣೆ. ಅವರು ಸೂಟು ಹಾಕಿ, ಟೈ ಕಟ್ಟಿ ನನ್ನ ಕಾರಿನಲ್ಲಿ ಕುಳಿತರು. ಅರ್ಧ ದಾರಿಯಲ್ಲಿ ನಾನು, "ಎರಡೂ ಪಾರ್ಟಿಯಲ್ಲಿ ಯಾರೆಂದು ಮಾರ್ಚಿನಲ್ಲೇ ತೀರ್ಮಾನವಾಗಿದೆ, ಗೊತ್ತಲ್ಲ?" ಎಂದೆ.

"ಹಂಗಾದ್ರ ಇವತ್ತು ಯಾಕ ಬಾಗಿಲಾ ತಗದಾರ?"

ಇಲ್ಲಿ ಒಂದೊಂದು ರಾಜ್ಯ ಒಂದೊಂದು ದಿನ ಪ್ರೈಮರಿ ನಡೆಸುತ್ತದೆ. ಎಲ್ಲೋ ಹಿಮದಲ್ಲಿ ಹೂತುಹೋದ ಸಣ್ಣ ರಾಜ್ಯಗಳು ಚಳಿಗಾಲದಲ್ಲೇ ಶುರುಮಾಡುತ್ತವೆ. ನ್ಯೂಜೆರ್ಸಿ ಜೂನ್‌ನಲ್ಲಿ ಎಲೆ ಹಾಕಿಕೊಂಡು ಕೂರುವ ಹೊತ್ತಿಗೆ ಅಡುಗೆಯವರು ಪಾತ್ರೆ ತೊಳೆದು ಮನೆಗೆ ಹೋಗಿರುತ್ತಾರೆ.

"ಜಿಲ್ಲಾ ಮಂಡಳಿಯಲ್ಲಿ ಫ್ರೀಹೋಲ್ಡರ್ ಎಂಬ ಹುದ್ದೆಗೂ ವೋಟು ಇದೆ," ಎಂದು ಸಮಾಧಾನ ಹೇಳಿದೆ.

"ಅಂದ್ರ ಏನದು?"

ಅದು ಈ ರಾಜ್ಯದಲ್ಲಿ ಹುಟ್ಟಿ ಬೆಳೆದವರಿಗೂ ಗೊತ್ತಿಲ್ಲ. ಕಾರನ್ನು ಠಾಣೆಯ ಕಡೆ ತಿರುಗಿಸಿದೆ.

ಠಾಣೆಯಲ್ಲಿ ಮೇಜಿನ ಹಿಂದೆ ಒಬ್ಬ ಅಜ್ಜಿ. ಹೆಸರು ಕೇಳಿದರು, ಪಟ್ಟಿಯಲ್ಲಿ ನೋಡಿದರು, ನಂತರ ಹವಾಮಾನ ಕೇಳುವಷ್ಟು ಸಲೀಸಾಗಿ "ಯಾವ ಪಾರ್ಟಿ?" ಎಂದರು.

ಎಂಜಿನಿಯರರು ಬೆಚ್ಚಿ ನನ್ನ ಕಡೆ ತಿರುಗಿದರು. "ಇದನ್ನ ಹೇಳಬಾರದಲ್ರೀ ಸರ? ಗುಪ್ತ ಮತದಾನ ಅಂತಾರ!"

"ಪ್ರೈಮರಿಯಲ್ಲಿ ಪಾರ್ಟಿ ಹೇಳಲೇಬೇಕು. ಅದರೊಳಗೆ ಯಾರಿಗೆ ಅನ್ನುವುದು ಮಾತ್ರ ಗುಪ್ತ."

ಅವರು ಅತ್ತಿತ್ತ ನೋಡಿ, ಬಗ್ಗಿ, ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದರು. ಅಜ್ಜಿ ತಕ್ಷಣ ಅದನ್ನು ಕೋಣೆಯ ಆ ತುದಿಯಲ್ಲಿದ್ದ ಇನ್ನೊಬ್ಬ ಅಜ್ಜಿಗೆ ಕೂಗಿ ಹೇಳಿದರು. ಹೊರಗೆ ಲಾರಿ ಒರೆಸುತ್ತಿದ್ದ ಅಗ್ನಿಶಾಮಕದವನು ಕೂಡ ತಲೆಯೆತ್ತಿ ನೋಡಿದ.

ಪರದೆಯೊಳಗೆ ಹೋಗಿ ವೋಟು ಹಾಕಿ ಬಂದವರು ನೇರವಾಗಿ ಅಜ್ಜಿಯ ಮುಂದೆ ನಿಂತು ಎಡಗೈ ತೋರುಬೆರಳನ್ನು ಚಾಚಿದರು. ಶಾಯಿ ಹಚ್ಚಿಸಿಕೊಳ್ಳಲು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಗಾಯವಾಯಿತೇ?" ಎಂದು ಕೇಳಿದರು. ಇವರು ಬೆರಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಕೊನೆಗೆ ಅಜ್ಜಿ, "ನಾನು ವೋಟು ಹಾಕಿದೆ" ಎಂಬ ಸ್ಟಿಕರ್ ಒಂದನ್ನು ಕಿತ್ತು ಆ ಬೆರಳಿಗೆ ಸುತ್ತಿ ಕಳಿಸಿಕೊಟ್ಟರು.

ಮನೆಯ ಬಾಗಿಲಲ್ಲಿ ಅವರ ಹೆಂಡತಿ, "ಬೆರಳಿಗೆ ಏನಾತ್ರೀ?" ಎಂದರು.

"ವೋಟು."

"ಯಾರು ಗೆದ್ದರು?"

"ಮಾರ್ಚನ್ಯಾಗ ಗೆದ್ದಾರ."

2. ಯಾವ ಪಾರ್ಟಿಯೂ ಅಲ್ಲ

ಮರುವರ್ಷ ಡಾಟ್‌ಕಾಮ್ ಗಾಳಿ ಇಳಿದು ಅವರ ಕಂಪನಿ ಮುಚ್ಚಿತು. ನಾಲ್ಕಾರು ತಿಂಗಳು ಮನೆಯಲ್ಲಿ ಕೂತು, ಆಮೇಲೆ ನ್ಯೂಯಾರ್ಕಿನಲ್ಲಿ ಕೆಲಸ ಸಿಕ್ಕಿ ಅಲ್ಲಿಯ ಫ್ಲೋರಲ್ ಪಾರ್ಕ್‌ಗೆ ಹೋದರು. ಬೇರೆಯವರು ಸಂಬಳದ ಬಗ್ಗೆ ಕೇಳಿದರೆ ಇವರು, "ನ್ಯೂಯಾರ್ಕ್ ಪ್ರೈಮರಿ ಮಾರ್ಚ್ ಮೊದಲ ವಾರದಾಗ ಅದ ರೀ, ಇನ್ನೂ ಜಗಳ ನಡದಿರತದ," ಎನ್ನುತ್ತಿದ್ದರು.

2004ರ ಆ ಮಂಗಳವಾರ ನಾನು ಅಲ್ಲಿರಲಿಲ್ಲ. ಇದನ್ನು ಹೇಳಿದವರು ಅವರ ಹೆಂಡತಿ, ಆದ್ದರಿಂದ ಉತ್ಪ್ರೇಕ್ಷೆ ಇಲ್ಲ.

ಹೆಂಡತಿಯನ್ನು ಹಿಲ್‌ಸೈಡ್ ಅವೆನ್ಯೂವಿನ ದಿನಸಿ ಅಂಗಡಿಯಲ್ಲಿ ಇಳಿಸಿ ಇವರು ಮತಗಟ್ಟೆಗೆ ಹೋದರು. ಅಲ್ಲಿ ಬೀರುವಿನಷ್ಟು ದೊಡ್ಡ ಕಬ್ಬಿಣದ ಯಂತ್ರ, ಅದಕ್ಕೊಂದು ಪರದೆ, ಎಳೆಯಲು ಒಂದು ಹಿಡಿ. ಮೇಜಿನ ಬಳಿ ಕೇರಳದ ಒಬ್ಬ ನಿವೃತ್ತ ನರ್ಸ್ ಆಂಟಿ. ಇವರಿಗೆ ಧೈರ್ಯ ಬಂತು. ಆಂಟಿ ಪುಸ್ತಕ ತಿರುವಿ, "ನಿಮಗೆ ಪಾರ್ಟಿ ಇಲ್ಲ," ಎಂದರು.

"ಈಗ ಹೇಳ್ತೀನಿ."

"ಈಗ ಹೇಳಿದರೆ ಆಗುವುದಿಲ್ಲ. ಇದು ನ್ಯೂಯಾರ್ಕ್. ಹೋದ ಅಕ್ಟೋಬರ್‌ನಲ್ಲೇ ಹೇಳಬೇಕಿತ್ತು."

"ಹೋದ ಅಕ್ಟೋಬರ್‌ದಾಗ ಯಾರು ನಿಂತಾರಂತನ ನನಗ ಸರಿಯಾಗಿ ಗೊತ್ತಿರಲಿಲ್ಲ!"

"ಗೊತ್ತಿರಬೇಕಿಲ್ಲ. ಸೇರಿರಬೇಕು," ಎಂದು ಆಂಟಿ ಥರ್ಮಾಮೀಟರ್ ಓದುವ ದನಿಯಲ್ಲಿ ಹೇಳಿದರು.

ವಿಷಯ ಇಷ್ಟೇ. ನ್ಯೂಯಾರ್ಕಿಗೆ ಬಂದು ಹೆಸರು ನೋಂದಾಯಿಸುವಾಗ ಪಾರ್ಟಿ ಯಾವುದು ಎಂದು ಕೇಳಿದ್ದರು. ಮೇಷ್ಟ್ರ ಮಗ ಇವರು; ನಿಷ್ಪಕ್ಷಪಾತಿಗೆ ಎಲ್ಲೆಡೆಯೂ ಮರ್ಯಾದೆ ಎಂದು ನಂಬಿ ಬೆಳೆದವರು. "ಯಾವ ಪಾರ್ಟಿಯೂ ಅಲ್ಲ" ಎಂಬಲ್ಲಿ ಹೆಮ್ಮೆಯಿಂದ ಗುರುತು ಹಾಕಿದ್ದರು. ನ್ಯೂಜೆರ್ಸಿಯಲ್ಲಾದರೆ ಅಂಥವರು ಬಾಗಿಲಲ್ಲೇ ಪಾರ್ಟಿ ಸೇರಿ ಒಳಗೆ ಹೋಗಬಹುದು. ನ್ಯೂಯಾರ್ಕಿನಲ್ಲಿ ನಿಶ್ಚಿತಾರ್ಥವಾಗಿ ಚಳಿಗಾಲ ಕಳೆದ ಮೇಲೆಯೇ ಮದುವೆ.

ಸಿಟ್ಟಿನಿಂದ ಅಂಗಡಿಗೆ ಬಂದು ಬೆಂಡೆಕಾಯಿ ರಾಶಿಯ ಮುಂದೆ ನಿಂತು ಹೆಂಡತಿಗೆ ಎಲ್ಲ ಹೇಳಿದರು. ಆಕೆ ಒಂದೊಂದೇ ಬೆಂಡೆಕಾಯಿಯ ತುದಿ ಮುರಿದು ನೋಡುತ್ತ ಕೇಳಿಸಿಕೊಂಡರು.

"ಅವರದು ಸರಿ ಅದ," ಎಂದರು. "ನಿಮ್ಮವ್ವಗ ನನಗ ಜಗಳ ಆದಾಗೆಲ್ಲ ನೀವು ಯಾವ ಪಾರ್ಟಿನೂ ಅಲ್ಲಂತ ಪೇಪರ್ ಹಿಡಕೊಂಡು ಕೂತ್ರಿ. ಆ ಮನಿಯೊಳಗ ನಡೀತು. ಇದು ನ್ಯೂಯಾರ್ಕ್."

3. ಮೊದಲ ಪಂಕ್ತಿ

ಎರಡು ವರ್ಷದ ನಂತರ ಅವರು ಮಾನ್ಮತ್ ಜಂಕ್ಷನ್‌ಗೆ ಮರಳಿದರು. ಅಷ್ಟರಲ್ಲಿ ನ್ಯೂಜೆರ್ಸಿಗೂ ಸ್ವಾಭಿಮಾನ ಕೆರಳಿತು. ಎಷ್ಟು ದಿನ ಕೊನೆಯ ಪಂಕ್ತಿಯಲ್ಲಿ ಉಣ್ಣುವುದು ಎಂದು 2008ರ ಅಧ್ಯಕ್ಷೀಯ ಪ್ರೈಮರಿಯನ್ನು ಫೆಬ್ರವರಿ ಐದಕ್ಕೆ ತಂದರು. ಅದೇ ಬುದ್ಧಿ ಇನ್ನೂ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಿಗೆ ಅದೇ ದಿನಕ್ಕೆ ಹೊಳೆಯಿತು. ಬೇಗ ಹೋದರೆ ಜಾಗ ಸಿಗುತ್ತದೆಂದು ಇಡೀ ಊರೇ ಬೇಗ ಹೋದ ಹಾಗಾಯಿತು. ಆ ವೈಭವವೂ ಒಂದೇ ಸಲದ್ದು. ಮುಂದಿನ ಸಲ ಖರ್ಚು ಹೆಚ್ಚೆಂದು ರಾಜ್ಯ ಮತ್ತೆ ಜೂನ್‌ಗೇ ಹೋಗಿ ಕುಳಿತಿತು.

ಎಂಜಿನಿಯರರಿಗೆ ಮಾತ್ರ ಹಬ್ಬ. ನಮ್ಮ ಕನ್ನಡ ಸಂಘದ 2007ರ ದೀಪಾವಳಿ ಕಾರ್ಯಕ್ರಮದಲ್ಲಿ ಹತ್ತು ನಿಮಿಷ ಬೇಡಿ ಪಡೆದು ಪ್ರೈಮರಿ ಎಂದರೇನು ಎಂದು ವಿವರಿಸಿದರು. "ಅಂದ್ರ, ಮುಖ್ಯಸ್ಥರು ಮೊದಲ ಒಳಗ ಕೂತು ಹೆಸರು ನಿಕ್ಕಿ ಮಾಡೋದಲ್ಲ. ಸಾಮಾನ್ಯ ಸದಸ್ಯರನ್ನೇ ಕೇಳಬೇಕು. ಇದ ನೋಡ್ರಿ ಪ್ರಜಾಪ್ರಭುತ್ವ!"

ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ರಾತ್ರಿ ಒಬ್ಬರ ಮನೆಯ ಬೇಸ್‌ಮೆಂಟಿನಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದ ಸಂಘದ ಹೊಸ ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

4. ಸೋದರಮಾವ

ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಅವರ ತಂಗಿಯ ಫೋನು. ಮಗಳ ಮದುವೆ ಗೊತ್ತಾಗಿದೆ, ಮುಹೂರ್ತ ಫೆಬ್ರವರಿ ಮೂರು. ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕಾದವರು ಸೋದರಮಾವ, ಅಂದರೆ ಇವರೇ. ಜನವರಿ ಕೊನೆಗೆ ಇಬ್ಬರಿಗೂ ಟಿಕೆಟ್ ಆಯಿತು. ಆಮೇಲೆ ಇವರು ಕ್ಯಾಲೆಂಡರ್ ನೋಡಿದರು.

"ವೋಟು ಪೋಸ್ಟಿನ್ಯಾಗ ಹಾಕಬಹುದಂತಲ್ರೀ," ಎಂದರು ಹೆಂಡತಿ.

"ಎಂಟು ವರ್ಷ ಕಾದೀನಿ. ಅದನ್ನ ಲಕೋಟಿಯೊಳಗ ಹಾಕಿ ಅಂಟಸಲೇನು? ನಾ ಕಳಸಿದ ಮರುದಿನ ಆ ಮನುಷ್ಯ ಕಣದಿಂದ ಹಿಂದ ಸರದರ?"

ಫೋನಿನಲ್ಲಿ ತಂಗಿ ಅತ್ತರು. ನಂತರ ಸಿಟ್ಟಾದರು. "ಅಣ್ಣಾ, ಆ ಅಧ್ಯಕ್ಷ ನನ್ನ ಮಗಳನ್ನ ಮಂಟಪಕ್ಕ ಕರಕೊಂಡು ಬರತಾನೇನು?" ಎಂದು ಕೇಳಿದರು. ಇವರು ಟಿಕೆಟನ್ನು ಫೆಬ್ರವರಿ ಏಳಕ್ಕೆ ಬದಲಾಯಿಸಿದರು. ಹೆಂಡತಿ ಒಬ್ಬರೇ ಹೊರಟರು. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ.

ಆದರೆ ಒಂದು ಮಾತು ಒಪ್ಪಬೇಕು. ಜನವರಿ ಮುಗಿಯುವ ಮುನ್ನ ಎರಡೂ ಪಾರ್ಟಿಯಲ್ಲಿ ಒಬ್ಬೊಬ್ಬರು ದೊಡ್ಡವರು ನಿಜಕ್ಕೂ ಹಿಂದೆ ಸರಿದರು. ಅವರಲ್ಲೊಬ್ಬರಿಗೆ ಅಂಚೆಯಲ್ಲಿ ಮುಂಚೆಯೇ ವೋಟು ಕಳಿಸಿದ್ದ ನಮ್ಮ ಆಫೀಸಿನವರೊಬ್ಬರು, ಸತ್ತವರಿಗೆ ಔಷಧಿ ಕುಡಿಸಿದವರಂತೆ ಓಡಾಡುತ್ತಿದ್ದರು. ಎಂಜಿನಿಯರರು ಬೇಲಿಯಾಚೆಯಿಂದ ಕೂಗಿದರು: "ನೋಡಿದ್ರೇನ್ರೀ ಸರ! ಅದಕ್ಕ ನಾ ಕಾದದ್ದು!" ಅವರ ಪಾರ್ಟಿಯಲ್ಲಿ ಈಗ ಉಳಿದವರು ಇಬ್ಬರೇ. ಕೂದಲೆಳೆಯ ಸ್ಪರ್ಧೆ. ಒಂದೊಂದು ವೋಟಿಗೂ ಬೆಲೆ ಎಂದು ಟೀವಿಯವರು ಹೇಳುತ್ತಿದ್ದರು, ಇವರು ಅದನ್ನು ತಮಗೇ ಹೇಳಿದ್ದೆಂದು ತಿಳಿದಿದ್ದರು.

ಫೆಬ್ರವರಿ ಐದರ ಸಂಜೆ ವೋಟು ಹಾಕಿ ಬಂದು ನನ್ನನ್ನು ಉಪ್ಪಿಟ್ಟಿಗೆ ಕರೆದರು. ಒಂದು ಕೈಯಲ್ಲಿ ಸೌಟು. ಫೋನನ್ನು ಸ್ಪೀಕರಿಗೆ ಹಾಕಿ ಹುಬ್ಬಳ್ಳಿಗೆ ಹಚ್ಚಿದರು. ಅಲ್ಲಿ ಬೆಳಗಾಗಿತ್ತು.

"ಹಾಕಿ ಬಂದೆ! ಈ ಸಲ ಖರೇನ ಲೆಕ್ಕಕ್ಕ ಬಂತು. ಮದುವಿ ಹೆಂಗಾತು?"

"ಆತು. ನಿಮ್ಮ ಜಾಗದಾಗ ಬ್ಯಾಡಗಿ ಮಾವ ನಿಂತಿದ್ದರು. ನಿಮಗ ತಂದಿದ್ದ ರೇಷ್ಮಿ ಧೋತರ ಅವರೇ ಉಟ್ಟರು. ಸೋದರಮಾವನ ಆಯೇರಿ ಉಡುಗೊರಿನೂ ಅವರಿಗೇ ಹೋತು."

"ಹೋಗಲಿ ಬಿಡು. ಇತಿಹಾಸದಾಗ ನಂದೊಂದು ವೋಟು ಇರತದ."

"ನಂದೂ ಇರತದ."

ಸೌಟು ನಿಂತಿತು. "ನೀ ಯಾವಾಗ ಹಾಕಿದಿ?"

"ಹೊರಡೋ ಮುಂಚೆ. ಪೋಸ್ಟಿನ್ಯಾಗ."

"ಹೇಳಲೇ ಇಲ್ಲ?"

"ನೀವು ಕೇಳಲಿಲ್ಲ."

"ಯಾರಿಗೆ ಹಾಕಿದಿ?"

ಆಕೆ ಹೇಳಿದರು. ಇವರು ಹಾಕಿದವರಿಗಲ್ಲ, ಉಳಿದ ಇನ್ನೊಬ್ಬರಿಗೆ.

ಎಂಜಿನಿಯರರು ಒಲೆ ಆರಿಸಿದರು.

"ಅಂದ್ರ ನಂದರಾಗ ನಿಂದು ಕಳದರ..."

"ಎಂಜಿನಿಯರ್ ನೀವು. ನೀವೇ ಕಳೀರಿ," ಎಂದರು ಆಕೆ. "ಅಂದಂಗ, ಟಿಕೆಟ್ ಮುಂದ ಹಾಕಿದ್ದಕ್ಕ ಎಷ್ಟು ಕೊಟ್ರಿ?"

ಇವರು ನನ್ನ ಕಡೆ ಒಮ್ಮೆ ನೋಡಿ, ದನಿ ಇಳಿಸಿ, "ಇನ್ನೂರೈವತ್ತು ಡಾಲರ್," ಎಂದರು.

"ನನಗ ಒಂದು ಸ್ಟ್ಯಾಂಪ್ ಬಿತ್ತು ನೋಡ್ರಿ. ನಲವತ್ತೊಂದು ಸೆಂಟ್."