ಹಡಗಿನ ಬಾಲ್ಕನಿಯಲ್ಲಿ ಕುರಿಮರಿ ಗಂಟು

ನಾನು ಹಾಕಿದ ಗಂಟು ತಾನಾಗಿಯೇ ಬಿಚ್ಚಿಕೊಂಡದ್ದನ್ನು ಯಾರಾದರೂ ಕಂಡಿದ್ದರೆ ಗಬ್ಬೂರಿಗೆ ಬಂದು ನನ್ನ ಎದುರಿಗೆ ನಿಂತು ಹೇಳಲಿ. ಇಲ್ಲಿಯವರೆಗೆ ಯಾರೂ ಬಂದಿಲ್ಲ. ಕೆಲವರಿಗೆ ಬೀಗ ಹಾಕಿದರೆ ಸಮಾಧಾನ, ನನಗೆ ಗಂಟು ಹಾಕಿದರೆ ಸಮಾಧಾನ. ಬೀಗಕ್ಕೆ ಕೀಲಿ ಬೇಕು, ಕೀಲಿ ಕಳೆಯುತ್ತದೆ. ಗಂಟಿಗೆ ಹತ್ತು ಬೆರಳಿದ್ದರೆ ಸಾಕು. ಬಸ್ಸು ಹತ್ತಿದರೆ ಚೀಲವನ್ನು ಸೀಟಿನ ಕಾಲಿಗೆ ಕಟ್ಟುತ್ತೇನೆ, ಮದುವೆಗೆ ಹೋದರೆ ಎರಡು ಚಪ್ಪಲಿಯನ್ನೂ ಒಂದಕ್ಕೊಂದು ಬಿಗಿದು ಬಿಡುತ್ತೇನೆ. ಒಮ್ಮೆ ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ನನ್ನ ಚೀಲದ ಜೊತೆಗೆ ಪಕ್ಕದಲ್ಲಿ ಕುಳಿತಿದ್ದ ಹೆಣ್ಣುಮಗಳ ಚೀಲವನ್ನೂ ಸೇರಿಸಿ ಕಟ್ಟಿಬಿಟ್ಟಿದ್ದೆ. ಆಕೆ ಮಾನ್ವಿ ಬಸ್ಸಿಗೆ ಓಡಿದಳು, ನಾನು ದೇವದುರ್ಗದ ಬಸ್ಸಿಗೆ ಓಡಿದೆ, ಇಬ್ಬರೂ ನಡುವೆ ಜಗ್ಗಾಡುತ್ತ ನಿಂತೆವು, ಎರಡೂ ಬಸ್ಸು ಹೋದವು. ಅದರಲ್ಲಿ ಗಂಟಿನ ತಪ್ಪೇನೂ ಇಲ್ಲ. ಗಂಟು ತನ್ನ ಕೆಲಸ ತಾನು ಮಾಡಿತ್ತು.

ನಾನು ಓದಿದ್ದು ನಾಲ್ಕನೆಯ ತರಗತಿವರೆಗೆ. ಆಮೇಲಿನದನ್ನೆಲ್ಲ ಕುರಿಗಳೇ ಕಲಿಸಿದವು. ಹಾಗಾಗಿ ಈ ಬರಹದಲ್ಲಿ ಒತ್ತು, ದೀರ್ಘ ಸರಿಯಿದ್ದರೆ ಅದನ್ನು ತಿದ್ದಿದ ನನ್ನ ಮಗಳು ರೇಣುಕಾಳಿಗೆ ಸಲ್ಲಲಿ. ಆದರೆ ಸಂತೋಷ ಮಾತ್ರ ಪೂರ್ತಿ ನನ್ನದೇ. ಯಾಕೆಂದರೆ ನಾನು ಅಜ್ಜಿಯಾಗಿದ್ದೇನೆ. ಮೊಮ್ಮಗಳ ಹೆಸರು ಗಂಗಾ, ಏಳು ತಿಂಗಳು, ಎರಡು ಹಲ್ಲು. ಎರಡೂ ಕೆಳಗಿನವು. ಇಂಥ ಹಲ್ಲು ನಮ್ಮ ಓಣಿಯಲ್ಲಿ ಬೇರೆ ಯಾವ ಕೂಸಿಗೂ ಬಂದಿಲ್ಲ. ಬಂದಿದೆ ಎನ್ನುವವರು ಸರಿಯಾಗಿ ನೋಡಿಲ್ಲ.

ಕೂಸಿನ ಅಪ್ಪ, ಅಂದರೆ ನನ್ನ ಅಳಿಯ ಬೀರೇಶ, ನೀರಮಾನ್ವಿಯವನು. ಜನ ಮಜಾ ಮಾಡಲು ಹತ್ತುವ ದೊಡ್ಡ ಹಡಗೊಂದರಲ್ಲಿ ಬಟ್ಟೆ ಒಗೆಯುವ ಕೆಲಸ. ಹಾಸಿಗೆಯ ಬಟ್ಟೆ, ದಿಂಬಿನ ಚೀಲ, ಟವೆಲ್ಲು ಎಲ್ಲವೂ ಅವನ ಕೈಯಲ್ಲೇ ಬೆಳ್ಳಗಾಗಬೇಕು. ಕೂಸು ಹುಟ್ಟಿದಾಗ ಅವನು ಸಮುದ್ರದಲ್ಲಿದ್ದ. ಏಳು ತಿಂಗಳಿಂದ ಮಗಳನ್ನು ಫೋನಿನಲ್ಲಿ ನೋಡಿದ್ದಾನೆಯೇ ಹೊರತು ಒಮ್ಮೆಯೂ ಎತ್ತಿಕೊಂಡಿಲ್ಲ. ಅವನ ಕೆಲಸ ಮೆಚ್ಚಿದ ಹಡಗಿನವರು, ಮನೆಯವರನ್ನು ಕರೆಸಿಕೋ, ಮೂರು ದಿನ ಇರಲಿ ಅಂದರು. ಅದೂ ಬಾಲ್ಕನಿಯಿರುವ ಕೋಣೆಯಲ್ಲಿ!

ಸುದ್ದಿ ಬಂದ ದಿನವೇ ನಾನು ಕೌದಿ ಹೊಲಿಯಲು ಕುಳಿತೆ. ನಮ್ಮ ಮನೆಯ ಪದ್ಧತಿಯೇ ಹಾಗೆ, ಅಪ್ಪನಾದವನು ಕೂಸನ್ನು ಮೊದಲ ಸಲ ಎತ್ತಿಕೊಳ್ಳುವುದು ತಾಯಿಯ ತವರಿನ ಕೌದಿಯಲ್ಲೇ. ನನ್ನ ಅವ್ವನ ಇಳಕಲ್ ಸೀರೆ, ನನ್ನ ಎರಡು ಸೀರೆ, ರೇಣುಕಾಳ ಶಾಲೆಯ ಲಂಗ, ಎಲ್ಲವನ್ನೂ ಕತ್ತರಿಸಿ ಸೇರಿಸಿದೆ. ಕೌದಿ ಬರಿಹೊಟ್ಟೆಯಲ್ಲಿ ಇರಬಾರದೆಂದು ಕೊನೆಯ ಮೂಲೆ ಮುಚ್ಚುವ ಮೊದಲು ಅದರೊಳಗೆ ಒಂದು ತುಂಡು ಹೋಳಿಗೆ ಇಟ್ಟು ಹೊಲಿಯುತ್ತೇವೆ. ಸಮುದ್ರದ ತಂಪಿಗೆ ಹೋಳಿಗೆ ಬೂಸಲು ಹಿಡಿದೀತೆಂದು ನಾನು ಒಣಗಿ ಕಟಕಟಿಯಾದ ಸಜ್ಜೆರೊಟ್ಟಿಯ ತುಂಡು ಇಟ್ಟೆ. ಎಷ್ಟು ಮುಂದಾಲೋಚನೆ ನೋಡಿ.

ನಮ್ಮ ಮನೆಯವರು ಕುರಿ ಬಿಟ್ಟು ಬರಲಾರೆ ಅಂದರು. ಸಾಮಾನು ಕಟ್ಟಲು ತಾವೇ ಉಣ್ಣೆಯಿಂದ ಹೊಸೆದ ಉದ್ದನೆಯ ಹಗ್ಗ ಕೊಟ್ಟು, "ನೀ ಹೊಳ್ಳಿ ಬರದಿದ್ರೂ ನಡೀತದ, ಹಗ್ಗ ಹೊಳ್ಳಿ ಬರ್ಬೇಕು ನೋಡು" ಅಂದರು.

"ಅಳಿಯಪ್ಪ ಕೂಸಿನ್ನ ಎತ್ತಿಕೊಂಡದ್ದ ನೋಡಿ ಬಂದು ಹೇಳ್ತೀನಿ, ಆವಾಗ ಹಗ್ಗಾನೂ ಮರೀತೀರಿ, ಕುರೀನೂ ಮರೀತೀರಿ" ಅಂದೆ.

ನಾನು, ರೇಣುಕಾ, ಕೂಸು ಮುಂಬಯಿಯಲ್ಲಿ ಹಡಗು ಹತ್ತಿದೆವು. ಅಲ್ಲಿಯವರೆಗೆ ನಾನು ಕಂಡ ದೊಡ್ಡ ನೀರೆಂದರೆ ನಮ್ಮ ಕಡೆಯ ಗೂಗಲ್ ಎಂಬ ಊರಿನ ಹತ್ತಿರದ ಕೃಷ್ಣಾ ಹೊಳೆ. ಹೊಳೆಗೆ ಆಚೆ ದಂಡೆ ಎಂಬುದಿರುತ್ತದೆ. ಇದಕ್ಕೆ ಅದೂ ಇಲ್ಲ. ಬಾಲ್ಕನಿಯೋ, ನಮ್ಮ ಮನೆಯ ಕಟ್ಟೆಯನ್ನು ಕಿತ್ತು ಆಕಾಶಕ್ಕೆ ಅಂಟಿಸಿದ ಹಾಗಿತ್ತು. ಎರಡು ಕುರ್ಚಿ, ಒಂದು ಪುಟ್ಟ ಮೇಜು, ಮುಂದೆ ಕಂಬಿ, ಅದರ ಮುಂದೆ ಬರೀ ಗಾಳಿ. ಕೋಣೆ ನೋಡಿಕೊಳ್ಳುವ ಹುಡುಗಿ ಬಂದು ಹಿಂದಿಯಲ್ಲಿ ನಿಯಮ ಹೇಳಿದಳು. ಸಂತೆಯಲ್ಲಿ ಉಣ್ಣೆ ಮಾರುತ್ತ ಕಲಿತ ಉರ್ದು ನನಗೆ ಸಾಕಷ್ಟಿದೆ, ಎಲ್ಲಾ ತಿಳಿಯಿತು. ಬಾಲ್ಕನಿಯಲ್ಲಿ ಏನನ್ನೂ ಬಿಡಬಾರದು, ಕಂಬಿಗೆ ಬಟ್ಟೆ ಹಾಕಬಾರದು, ಬಾಗಿಲು ಸದಾ ಮುಚ್ಚಿರಬೇಕು, ಗಾಳಿ ಕ್ಷಣದಲ್ಲಿ ಹೊತ್ತೊಯ್ಯುತ್ತದೆ. ನಲವತ್ತು ವರ್ಷ ತೋಳನ ಬಾಯಿಂದ ಮರಿ ಕಾಯ್ದವಳಿಗೆ ಗಾಳಿಯ ಹೆದರಿಕೆಯೇ ಎಂದು ಅವಳಿಗೆ ನನ್ನ ಉರ್ದುವಿನಲ್ಲಿ ತಿಳಿಸಿದೆ. ಅವಳು ಕೈಮುಗಿದು ಹೋದಳು. ಒಪ್ಪಿದಳೆಂದೇ ನಾನು ತಿಳಿದೆ.

ಬೀರೇಶನ ಪಾಳಿ ಮುಗಿಯುವುದು ಸಂಜೆ ನಾಲ್ಕಕ್ಕೆ. ಅಲ್ಲಿಯವರೆಗೆ ಅವನು ಮೇಲೆ ಬರುವಂತಿಲ್ಲ. ಕೌದಿಯನ್ನು ಹಾಸಿಗೆಯ ಮೇಲೆ ಹಾಸಿ, ಕೂಸನ್ನು ಅದರ ನಡುವೆ ಮಲಗಿಸಿ, ಹೀಗೇ ಅವನ ಕೈಗೆ ಕೊಡಬೇಕೆಂದು ನಾನು ಲೆಕ್ಕ ಹಾಕುತ್ತಿದ್ದಾಗ ಕೂಸು ತನ್ನ ಕೆಲಸ ಮುಗಿಸಿತು. ಕೌದಿ ನಡುವಿನಲ್ಲಿ ತೊಯ್ದಿತು. ಆಗ ಹನ್ನೆರಡು ಗಂಟೆ.

"ಯವ್ವಾ, ಕೆಳಗ ಕೊಟ್ಟು ಕಳಸೂಣು ಬಾ. ಒಗದು ಒಣಗಿಸಿ ಕೊಡ್ತಾರ, ತಾಸಿನ ಕೆಲಸ" ಅಂದಳು ರೇಣುಕಾ.

"ಯಾರು ಒಗೀತಾರ? ಅಳಿಯಪ್ಪ ಒಗೀತಾನ! ಅಪ್ಪ ಆದಾವ ಮಗಳ ಮುಖ ನೋಡೂಕಿಂತ ಮೊದಲ ಆಕಿ ಉಚ್ಚಿ ಒಗೀಬೇಕೇನು? ನನ್ನ ಮಾನ ಏನಾಗ್ಬೇಕು?"

"ಮತ್ತ ಎಲ್ಲಿ ಒಣಗಿಸ್ತಿ ಬೇ?"

ನಾನು ಬಾಲ್ಕನಿಯ ಕಡೆ ನೋಡಿದೆ. ರೇಣುಕಾ ಹಣೆ ಬಡಿದುಕೊಂಡು, "ಆ ಹುಡುಗಿ ಅಷ್ಟ ಬಡಕೊಂಡು ಹೇಳಿ ಹೋಗ್ಯಾಳ" ಅಂದಳು.

"ಆಕಿಗೆ ಬಿಡಬ್ಯಾಡ ಅನ್ನಾಕ ಗೊತ್ತದ, ಕಟ್ಟಾಕ ಗೊತ್ತಿಲ್ಲ" ಅಂದೆ.

ತೊಯ್ದ ಜಾಗವನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ ಕೌದಿಯನ್ನು ಎರಡು ಕುರ್ಚಿಗಳ ಮೇಲೆ ಹರಡಿದೆ. ಆಮೇಲೆ ಮರಿಗಂಟು ಹಾಕಿದೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ದೊಡ್ಡ ಕುರಿಗಳು ಮೇಯಲು ಹೋದಾಗ ಎಳೆಯ ಮರಿಗಳನ್ನು ಹಟ್ಟಿಯಲ್ಲಿ ಒಂದೇ ಉದ್ದನೆಯ ಹಗ್ಗಕ್ಕೆ ಸಾಲಾಗಿ ಕಟ್ಟುತ್ತೇವೆ. ಒಂದೊಂದಕ್ಕೂ ಒಂದೊಂದು ಕುಣಿಕೆ. ಮರಿ ಎಷ್ಟು ಜಗ್ಗಿದರೂ ಕುಣಿಕೆ ಬಿಗಿಯುತ್ತದೆಯೇ ಹೊರತು ಸಡಿಲವಾಗದು. ಸಂಜೆ ತಾಯಿ ಕುರಿಗಳು ಬಂದ ಕೂಡಲೇ ಹಗ್ಗದ ಬಾಲ ಹಿಡಿದು ಒಂದು ಸಲ ಜಗ್ಗಿದರೆ ಮುಗಿಯಿತು, ಎಲ್ಲಾ ಕುಣಿಕೆಗಳೂ ಸರಸರನೆ ಜಾರಿ ಮರಿಗಳೆಲ್ಲ ಹಾಲಿಗೆ ಓಡುತ್ತವೆ. ಹಾಗೆಯೇ ಕೌದಿಯ ನಾಲ್ಕು ಮೂಲೆ, ನನ್ನ ಚಪ್ಪಲಿ, ರೊಟ್ಟಿಯ ಚೀಲ, ಒಂದು ಟವೆಲ್ಲು, ಎಲ್ಲವನ್ನೂ ಒಂದೇ ಹಗ್ಗದಲ್ಲಿ ಕುರ್ಚಿಗಳಿಗೆ ಕಟ್ಟಿದೆ. ಗಾಳಿ ಬೀಸಿತು. ಕೌದಿ ಉಬ್ಬಿತು, ಎಗರಾಡಿತು, ಗಂಟು ಮಾತ್ರ ಅಂಗುಲವೂ ಅಲುಗಲಿಲ್ಲ. ನನಗೆ ಗಾಳಿಯ ಮೇಲೆ ಕನಿಕರ ಬಂತು.

ಕಾವಲು ಪಕ್ಕಾ ಇರಲೆಂದು ಹಗ್ಗದ ಬಾಲವನ್ನು ಬಾಗಿಲಿನ ಸಂದಿಯಿಂದ ಒಳಗೆ ತಂದು, ಬಾಗಿಲು ನಾಲ್ಕು ಬೆರಳು ತೆರೆದಿಟ್ಟು, ಕೋಣೆಯ ನೆಲದ ಮೇಲೆ ಕೂಸಿನ ಪಕ್ಕ ಕುಳಿತೆ. ಬಾಲ ನನ್ನ ಕೈಯಲ್ಲೇ ಇತ್ತು. ಸೋಫಾಕ್ಕೆ ಬೆನ್ನು ಆನಿಸಿದೆ. ರಾತ್ರಿಯೆಲ್ಲ ರೈಲಿನಲ್ಲಿ ಸಾಮಾನು ಕಾಯ್ದ ಕಣ್ಣು. ನಾನು ಮಲಗಿದೆ ಎಂದು ರೇಣುಕಾ ಹೇಳುತ್ತಾಳೆ. ನಾನು ಕಣ್ಣು ಮುಚ್ಚಿ ಯೋಚಿಸುತ್ತಿದ್ದೆ.

"ಯವ್ವಾ! ಕೌದಿ!"

ಕಣ್ಣು ಬಿಟ್ಟರೆ ಹಗ್ಗದ ಬಾಲ ನನ್ನ ಕೈಯಲ್ಲಿಲ್ಲ, ಮೊಮ್ಮಗಳ ಕೈಯಲ್ಲಿದೆ. ಅರ್ಧ ಬಾಯಲ್ಲೂ ಇದೆ. ನಮ್ಮ ಕೂಸಿನ ಜಗ್ಗು ಅಂಥಿಂಥದ್ದಲ್ಲ. ಕುಣಿಕೆಗಳು ಸರಸರನೆ ಜಾರಿದ್ದವು. ಚಪ್ಪಲಿ ಅಲ್ಲೇ ಇತ್ತು. ರೊಟ್ಟಿಯ ಚೀಲ ಅಲ್ಲೇ ಇತ್ತು. ಟವೆಲ್ಲು ಕುರ್ಚಿಯ ಕಾಲಿಗೆ ಸಿಕ್ಕಿಕೊಂಡಿತ್ತು. ಕೌದಿಯೊಂದೇ ನನ್ನ ಅವ್ವನ ಸೆರಗು ಹಾರಿಸುತ್ತ ಕಂಬಿಯ ಮೇಲೆ ಎದ್ದು, ಹಡಗಿನ ಹಿಂಬದಿಗೆ ತಿರುಗಿ ಮರೆಯಾಯಿತು.

ಇಬ್ಬರೂ ಕಂಬಿಗೆ ಓಡಿದೆವು. ಕೂಸು ಮಾತ್ರ ಖುಷಿಯಿಂದ ಕೇಕೆ ಹಾಕಿತು. ಆಮೇಲೆ ರೇಣುಕಾ ಬಯ್ಯಲು ಬಾಯಿ ತೆರೆದವಳು ನನ್ನ ಮುಖ ನೋಡಿ ಮುಚ್ಚಿಕೊಂಡಳು. ಬೈದಿದ್ದರೇ ಚೆನ್ನಾಗಿತ್ತು. ಅವ್ವನ ಸೀರೆಯಲ್ಲಿ ಉಳಿದಿದ್ದದ್ದು ಅದೊಂದೇ ತುಂಡು. ಇನ್ನು ಅಳಿಯನ ಕೈಗೆ ಏನಿಟ್ಟು ಕೂಸನ್ನು ಕೊಡಲಿ? ಅವನೇ ಒಗೆದ ಹಡಗಿನ ಟವೆಲ್ಲನ್ನೇ?

ನಾಲ್ಕು ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ಬೀರೇಶ ಬಿಳಿ ಅಂಗಿ ತೊಟ್ಟು, ತಲೆ ಬಾಚಿಕೊಂಡು ನಿಂತಿದ್ದ. ಹೆಗಲ ಮೇಲೆ ಮಡಿಚಿದ ಕೌದಿ ಇತ್ತು.

"ಅತ್ತೀ, ಇದು ನಿಮ್ದಲ್ಲೇನ್ರಿ?"

ನಾನು ಎದ್ದು ಕೌದಿಯ ಮೂಲೆ ಮುಟ್ಟಿ ನೋಡಿದೆ. ಕೌದಿ ಹಾರಿ ಕೆಳಗಿನ ಅಂತಸ್ತಿನ ಈಜುಕೊಳದ ಹತ್ತಿರ, ಬಿಸಿಲಿಗೆ ಮಲಗಿದ್ದ ಒಬ್ಬ ಸಾಹೇಬರ ಮೇಲೆ ಬಿದ್ದಿತ್ತಂತೆ. ಅವರು ಒಳ್ಳೆಯವರು, ಹೊದ್ದುಕೊಂಡು ಹಾಗೇ ಮಲಗಿದ್ದರಂತೆ. ಅವರು ಎದ್ದುಹೋದ ಮೇಲೆ ಅಲ್ಲಿಯವರು ಅದನ್ನು ಒಗೆಯುವ ಬಟ್ಟೆಗಳ ಜೊತೆ ಕೆಳಗೆ ಕಳಿಸಿದ್ದರು.

"ನನ್ನ ಕೂಡ ಕೆಲಸ ಮಾಡಾವ, ಚಿಂದಿ ಅದ ಬಿಸಾಕು ಅತ್ತಾಗ ಅಂದನ್ರೀ" ಅಂದ ಬೀರೇಶ. "ಕೈಯಾಗ ತಗೊಂಡೆ, ಮೂಲ್ಯಾಗ ಏನೋ ಕಟಕ್ ಅಂತು. ಈ ಹಡಗಿನ್ಯಾಗ ಹೊಟ್ಟ್ಯಾಗ ರೊಟ್ಟಿ ಇಟ್ಕೊಂಡ ಹೊದಿಕಿ ಇನ್ಯಾರದಿರ್ತದ? ನಮ್ಮತ್ತಿ ಬಂದಾಳ ಅಂದೆ."

"ಒಗದು ತಂದಿಯೇನಪ್ಪಾ?" ಎಂದು ನಾಚಿಕೆಯಿಂದ ಕೇಳಿದೆ.

ಅವನು ತಲೆ ಕೆಳಗೆ ಹಾಕಿದ. "ಇಲ್ರೀ. ಎಲ್ಲಾ ಒಗದೆ, ಇದೊಂದು ಒಗೀಲಿಲ್ಲ. ಕೂಸಿನ ವಾಸನಿ ಇತ್ತು. ಎರಡು ತಾಸಾತು, ಹೆಗಲ ಮ್ಯಾಲೇ ಹಾಕ್ಕೊಂಡು ಕೆಲಸ ಮಾಡೀನಿ."

ರೇಣುಕಾ ಆ ಕಡೆ ತಿರುಗಿ ನಿಂತಳು. ನಾನು ಕೌದಿಯನ್ನು ಅವನ ತೋಳಿನ ಮೇಲೆ ಹಾಸಿ ಅದರ ಮೇಲೆ ಕೂಸನ್ನು ಇಟ್ಟೆ. ಫೋನಿನಲ್ಲಿ ಕಾಣುತ್ತಿದ್ದ ಮುಖವೇ ಇದು ಎಂದು ಕೂಸಿಗೆ ತಿಳಿಯಿತೋ ಇಲ್ಲವೋ, ಅವನ ಕೊರಳಲ್ಲಿದ್ದ ಗುರುತಿನ ಚೀಟಿಯ ದಾರ ಹಿಡಿದು ಒಂದು ಜಗ್ಗು ಜಗ್ಗಿತು. ಅವನ ತಲೆ ಬಾಗಿ ಕೂಸಿನ ಹಣೆಗೆ ತಾಗಿತು. ಎಂಥ ಜಗ್ಗು ಅಂತೀರಿ! ನನ್ನ ವಂಶದ್ದೇ.

ಉಳಿದ ದಿನಗಳಲ್ಲಿ ನಾನು ಸುಮ್ಮನಿದ್ದೆ ಎಂದುಕೊಳ್ಳಬೇಡಿ. ಕೌದಿ ಒಳಗೇ ಇತ್ತು, ನಿಜ. ಚಪ್ಪಲಿಯನ್ನು ಮಾತ್ರ ಬಾಲ್ಕನಿಯ ಕುರ್ಚಿಗೆ, ಈ ಸಲ ಬಾಲವೇ ಇಲ್ಲದ ಗಟ್ಟಿ ಗಂಟು ಹಾಕಿ ಕಟ್ಟಿದೆ. ಸಮುದ್ರದ ತೇವಕ್ಕೆ ಉಣ್ಣೆಯ ಹಗ್ಗ ಕಲ್ಲಾಯಿತು. ಇಳಿಯುವ ದಿನ ನಾನು ಜಗ್ಗಿದೆ, ಬೀರೇಶ ಜಗ್ಗಿದ, ಕೋಣೆಯ ಹುಡುಗಿಯೂ ಜಗ್ಗಿದಳು. ಕೊನೆಗೆ ಅವಳೇ ಕತ್ತರಿ ತಂದು ಹಗ್ಗವನ್ನು ಮೂರು ಕಡೆ ಕತ್ತರಿಸಿದಳು. ಬಾಲ್ಕನಿಯಲ್ಲಿ ಏನನ್ನೂ ಬಿಡಬಾರದೆಂದು ಅವಳು ಮತ್ತೊಮ್ಮೆ ಹೇಳಲಿಲ್ಲ. ತುಂಡುಗಳನ್ನು ಮಡಿಚಿ ನನ್ನ ಕೈಗೆ ಕೊಟ್ಟಳು, ಅಷ್ಟೇ.

ತುಂಡುಗಳು ಈಗ ನನ್ನ ಟ್ರಂಕಿನ ತಳದಲ್ಲಿವೆ. ಹಗ್ಗ ಎಲ್ಲಿ ಎಂದು ನಮ್ಮ ಮನೆಯವರು ಕೇಳಿದಾಗ ಅಳಿಯನಿಗೆ ಬೇಕಾಗಿತ್ತು, ಕೊಟ್ಟು ಬಂದೆ ಅಂದಿದ್ದೇನೆ. ಅವರಿಗೆ ಓದಲು ಬರುವುದಿಲ್ಲ, ಹಾಗಾಗಿ ಧೈರ್ಯವಾಗಿಯೇ ಇದನ್ನೆಲ್ಲ ಬರೆದೆ. ಈಗ ಹೊರಗೆ ಕಟ್ಟೆಯ ಮೇಲೆ ರೇಣುಕಾ ತಪ್ಪು ತಿದ್ದುತ್ತ ಕುಳಿತಿದ್ದಾಳೆ. ತಿದ್ದುವಾಗ ಗಟ್ಟಿಯಾಗಿ ಓದುವುದು ಅವಳ ರೂಢಿ. ಪಕ್ಕದಲ್ಲೇ ನಮ್ಮ ಮನೆಯವರು ಮೊಮ್ಮಗಳನ್ನು ಆಡಿಸುತ್ತಿದ್ದಾರೆ. ಓದು ಆಗಲೇ ಕತ್ತರಿಯ ಹತ್ತಿರ ಬಂದಿದೆ.