ಕರೆಂಟ್ ಐತ್ರಿ, ಹಾದಿ ಇಲ್ಲ

ಕರೆಂಟಿನವರ ಜೊತೆ ಜಗಳಕ್ಕೆ ನಿಂತವನನ್ನು ನಗೆಯ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ನಾನು ಸಿಟ್ಟಿನಿಂದಲೇ ಮನೆ ಬಿಡುತ್ತೇನೆ, ಅವರು ನಗಿಸಿ ಕಳಿಸುತ್ತಾರೆ. ಹಳೇ ಹುಬ್ಬಳ್ಳಿಯ ಓಣಿಯೊಂದರಲ್ಲಿ ನನ್ನದು ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಕರೆಂಟಿನ ಕಾನೂನು, ದರದ ಆದೇಶ ಎಲ್ಲವನ್ನೂ ಅಂಗಡಿಯಲ್ಲೇ ಕೂತು ಓದಿದ್ದು. ಓದಿದಷ್ಟೂ ಸಿಟ್ಟು ಹೆಚ್ಚಾಯಿತು.

ಈ ಬೇಸಿಗೆಯ ಜಗಳ ನನ್ನ ಅಂಗಡಿ ಎದುರಿನ ಖಾರದ ಗಿರಣಿಯದು. ಅದನ್ನು ನಡೆಸುವ ಹೆಂಗಸನ್ನು ಇಡೀ ಓಣಿ ಚಾಚಿ ಎನ್ನುತ್ತದೆ. ವರ್ಷಕ್ಕಾಗುವ ಖಾರವನ್ನು ನಮ್ಮ ಕಡೆ ಬೇಸಿಗೆಯಲ್ಲೇ ಮಾಡಿಸಿಡುತ್ತಾರೆ. ಮಾಳಿಗೆಯ ಮೇಲೆ ಹರವಿದ ಮೆಣಸಿನಕಾಯಿ ಮಧ್ಯಾಹ್ನದ ಬಿಸಿಲಿಗೆ ಗರಿಗರಿಯಾದಾಗಲೇ ಬೀಸಬೇಕು. ಸಂಜೆಗೆ ಮೆತ್ತಗಾದರೆ ಪುಡಿ ಸರಿಯಾಗಿ ಬೀಳುವುದಿಲ್ಲ. ಸರಿಯಾಗಿ ಆ ಹೊತ್ತಿಗೇ ದಿನಾ ಕರೆಂಟ್ ಹೋಗತೊಡಗಿತು. ಗಿರಾಕಿಗಳು ಚೀಲ ಹೊತ್ತು ರಾಯಾಪುರದ ಗಿರಣಿಗೆ ಹೊರಟರು. ಬೇಸಿಗೆ ಹೀಗೇ ಕಳೆದರೆ ಚಾಚಿ ಬಾಗಿಲು ಹಾಕಬೇಕಾಗಿತ್ತು.

೧. ಮೊದಲು ಟೆಂಪೋ

ಕರೆಂಟಿನ ಕಚೇರಿಗೆ ಹೋದೆ. ಅಲ್ಲಿನ ದೊಡ್ಡ ಸಾಹೇಬರು ತಣ್ಣಗೆ ಹೇಳಿದರು: "ಕರೆಂಟ್ ಐತ್ರಿ, ಹಾದಿ ಇಲ್ಲ. ಮಾರುಕಟ್ಟಿಯೊಳಗ ಅಗ್ಗದ ಕರೆಂಟ್ ಕೊಂಡೇವಿ, ಹೊರಗಿನ ರಾಜ್ಯದಿಂದ ಬರಬೇಕು. ಎಲ್ಲಾರೂ ಅಲ್ಲೇ ಕೊಂಡಾರ. ಮಧ್ಯಾಹ್ನ ಅದು ಬರೂ ದೊಡ್ಡ ಲೈನ್ ತುಂಬಿಬಿಡ್ತೈತಿ."

"ಲೈನಿನ ಈ ತುದಿಗೆ ಕರೆಂಟ್ ಮಾಡೂ ನಮ್ಮದ ಪ್ಲಾಂಟ್ ಐತಲ್ರಿ. ಈ ಕಡೆ ಉತ್ಪಾದನೆ ಏರಸ್ರಿ, ಹೊರಗಿನ ರಾಜ್ಯದ ಆ ಕಡೆ ಇಳಸ್ರಿ. ಲೈನ್ ಹಗುರ ಆಗ್ತೈತಿ."

"ಅದು ತುಟ್ಟಿ ಬೀಳ್ತೈತಿ. ಮಾರುಕಟ್ಟಿ ಒಪ್ಪೂದಿಲ್ಲ."

"ಚಾಚಿ ಗಿರಣಿ ಬಂದ್ ಮಾಡೂದು ಅಗ್ಗ ಏನ್ರಿ?"

ಸಾಹೇಬರು ತಲೆ ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದರು. ಅದಕ್ಕೆ ಮಾತ್ರ ಹಾದಿ ಸಿಕ್ಕಿತ್ತು.

ಬಂದು ಚಾಚಿಗೆ ಎಲ್ಲ ಹೇಳಿದೆ. ಅವಳು ಕೇಳಿ, "ಕೊಂಡ ಮ್ಯಾಲೆ ಹಾದಿ ನೋಡಿದ್ರೇನು ಅವ್ರು? ನಾ ಮೊದಲ ಟೆಂಪೋದವಗ ಹೇಳ್ತೇನಿ, ಆಮ್ಯಾಲೆ ಮೆಣಸಿನಕಾಯಿ ಕೊಳ್ತೇನಿ. ಪಾಪ, ಸಾಹೇಬ್ರಿಗೆ ಮನ್ಯಾಗ ಸಂತಿಗೆ ಕಳಿಸಿಲ್ಲ ಕಾಣ್ತೈತಿ," ಎಂದಳು.

೨. ಗಾಳಿಯ ಕಾವಲುಗಾರ

ಗದಗ ಕಡೆಗೆ ಮೋಟಾರು ತಲುಪಿಸಲು ಹೋಗಿದ್ದೆ. ಗುಡ್ಡದ ಮೇಲೆ ನನ್ನ ಟೋಪಿ ಹಾರಿಹೋಗುವಷ್ಟು ಗಾಳಿ, ಆದರೆ ಗಾಳಿಯಂತ್ರದ ರೆಕ್ಕೆಗಳು ನಿಂತಿದ್ದವು. ಕಾವಲುಗಾರನನ್ನು ಕೇಳಿದೆ:

"ಯಾಕ್ರಿ ನಿಲ್ಸೀರಿ?"

"ಗಾಳಿ ಜಾಸ್ತಿ ಆದ್ರ ಲೈನ್ ತುಂಬ್ತೈತಂತ. ಮ್ಯಾಲಿಂದ ಫೋನ್ ಬರ್ತೈತಿ, ನಿಲ್ಲಸ್ತಾರ."

"ಗಾಳಿ ಕಡಿಮಿ ಆದ್ರ?"

"ಆವಾಗ ತಾನ ನಿಲ್ತೈತಲ್ರಿ."

"ಮತ್ತ ತಿರಗೂದು ಯಾವಾಗ?"

ಆತ ತಲೆ ಕೆರೆದುಕೊಂಡ. "ಉದ್ಘಾಟನೆ ದಿವಸ ಛಲೋ ತಿರಗಿತ್ತು ನೋಡ್ರಿ."

೩. ಕಾಯ್ದಿರಿಸಿದ ಸಾಲು

ದರ ಏರಿಸುವ ಮುಂಚೆ ಜನರ ಅಹವಾಲು ಕೇಳುವ ಸಭೆ ಧಾರವಾಡದಲ್ಲಿತ್ತು. ವೇದಿಕೆಯ ಮೇಲೆ ಅದೇ ಸಾಹೇಬರು. ನಾನು ಗಿರಣಿಯ ವಿಷಯ ಎತ್ತಿ ಬಿಸಿಯಾಗುವಷ್ಟರಲ್ಲಿ ಊಟದ ಗಂಟೆ ಬಾರಿಸಿದರು.

ಊಟಕ್ಕೆ ಎರಡು ಮೇಜು. ಒಂದಕ್ಕೆ ನಮ್ಮ ಸಾಲು ಗೇಟಿನವರೆಗೆ. ಇನ್ನೊಂದರ ಮುಂದೆ ಒಬ್ಬರೂ ಇಲ್ಲ. ಬಡಿಸುವವನು ನೊಣ ಓಡಿಸುತ್ತಿದ್ದ. "ಅದು ಸಾಹೇಬ್ರಿಗೆ ಕಾಯ್ದಿರಿಸಿದ ಸಾಲ್ರಿ" ಎಂದ.

ನನ್ನ ಹಿಂದೆ ಗರಗದ ನೇಕಾರ ಅಜ್ಜ ನಿಂತಿದ್ದರು. ಅವರಿಗೆ ಹೇಳಿದೆ: "ನೋಡ್ರಿ ಅಜ್ಜಾರ, ಕರೆಂಟಿನ ಲೈನೂ ಹಿಂಗ. ದೊಡ್ಡವರು ಮೊದಲ ಜಾಗಾ ಹಿಡಿದಿರ್ತಾರ. ಒಳಗ ಖಾಲಿ ಇದ್ರೂ ತುಂಬೇತಿ ಅಂತ ಬರೀತಾರ."

ಅಜ್ಜ ತಟ್ಟೆ ಹಿಡಿದು ಸೀದಾ ಆ ಮೇಜಿಗೆ ನಡೆದರು.

"ಏ ಅಜ್ಜಾ, ಸಾಹೇಬ್ರು ಬರ್ತಾರ!" ಎಂದ ಬಡಿಸುವವನು.

"ಬರ್ಲಿ ಬಿಡೋ. ಅವ್ರು ಬರೂದ್ರಾಗ ನಾ ಉಂಡಿರ್ತೇನಿ. ನೀಡು."

ಇಡೀ ಸಾಲು ಅಜ್ಜನ ಹಿಂದೆ ತಿರುಗಿತು. ಫೋಟೋ ತೆಗೆಸಿಕೊಂಡು ಬಂದ ಸಾಹೇಬರು ಖಾಲಿ ತಟ್ಟೆ ಹಿಡಿದು ಸಾಲಿನ ಬಾಲದ ತುದಿಯಲ್ಲಿ ನಿಲ್ಲಬೇಕಾಯಿತು. ನಾನು ಮುಂದಿನಿಂದ ಬಟ್ಟಲು ಎತ್ತಿ ತೋರಿಸಿ ಕೂಗಿದೆ:

"ಹುಗ್ಗಿ ಐತ್ರಿ ಸಾಹೇಬ್ರ, ಹಾದಿ ಇಲ್ಲ!"

೪. ಖಾಲಿ ಗಾಡಿ

ಆ ಹುಗ್ಗಿಯ ಮಾತು ಸಾಹೇಬರಿಗೆ ಜೀರ್ಣವಾಗಲಿಲ್ಲ. ಸ್ಥಳ ಪರಿಶೀಲನೆ ಮಾಡಿಯೇ ಬಿಡುತ್ತೇನೆಂದು ಒಂದು ಮಧ್ಯಾಹ್ನ ಇಲಾಖೆಯ ಜೀಪಿನಲ್ಲಿ, ಕೈಕೆಳಗಿನ ಮೂವರನ್ನು ಕೂರಿಸಿಕೊಂಡು, ನಮ್ಮ ಓಣಿಗೇ ಬಂದರು. ಕರೆಂಟ್ ಇರಲಿಲ್ಲ. ಗಿರಣಿಯ ಮುಂದೆ ಮೆಣಸಿನಕಾಯಿ ಹೇರಿದ ಟೆಂಪೋ ಅಡ್ಡ ನಿಂತಿತ್ತು. ಒಳಗೆ ಬೀಸದೆ ಉಳಿದ ಚೀಲಗಳು ಬಾಗಿಲವರೆಗೆ ಬಂದಿದ್ದವು. ಒಳಗಿನದು ಬೀಸದೆ ಹೊರಗಿನದು ಇಳಿಸುವಂತಿಲ್ಲ, ಇಳಿಸದೆ ಟೆಂಪೋ ಅಲುಗುವಂತಿಲ್ಲ.

ಜೀಪಿನ ಡ್ರೈವರ್ ಹಾರ್ನ್ ಒತ್ತಿಯೇ ಒತ್ತಿದ. ನಾನು ಹೋಗಿ ಹೇಳಿದೆ: "ಈ ಓಣ್ಯಾಗ ಒಂದು ಪದ್ಧತಿ ಐತ್ರಿ ಸಾಹೇಬ್ರ. ಎರಡು ಗಾಡಿ ಎದುರಾದ್ರ ತುಂಬಿದ್ದು ನಿಲ್ತೈತಿ, ಖಾಲಿದು ಹಿಂದ ಸರೀತೈತಿ."

"ಸರ್ಕಾರಿ ಗಾಡಿ ಹಿಂದ ಸರಿಯೂದಿಲ್ಲ!"

"ಹಂಗಾದ್ರ ಕುಂಡ್ರಿ. ಕರೆಂಟ್ ಬಂದ್ರ ಗಿರಣಿ ತಿರಗ್ತೈತಿ, ಗಿರಣಿ ತಿರಗಿದ್ರ ಚೀಲ ಇಳೀತಾವು. ಅಲ್ಲೀತನಾ ಹಾದಿ ತುಂಬೇತಿ."

ಓಣಿಯ ಜನ ಕಟ್ಟೆಗಳ ಮೇಲೆ ಜಾಗ ಹಿಡಿದು ಕೂತರು. ಜೀಪಿನ ತಗಡು ಕಾದಿತು. ಸಾಹೇಬರ ಅಂಗಿ ಬೆನ್ನಿಗೆ ಅಂಟಿತು. ಹಿಂದಕ್ಕೆ ಸರಿದರೆ ಐದೇ ನಿಮಿಷದಲ್ಲಿ ದೊಡ್ಡ ರಸ್ತೆ. ಅವರು ಒಲ್ಲೆ ಎಂದರು. ಕೊನೆಗೆ ಹಲ್ಲು ಕಚ್ಚಿ ಫೋನ್ ತೆಗೆದರು:

"ಈ ಕಡೆ ಪ್ಲಾಂಟ್ ಏರಸ್ರಿ. ಆ ಕಡೆ ಇಳಸ್ರಿ. ಹೂಂ, ತುಟ್ಟಿ ಬಿದ್ರ ಬೀಳ್ಲಿ!"

ಬೇಸಿಗೆಯುದ್ದಕ್ಕೂ ನಾನು ಕೇಳಿದ್ದೂ ಅದನ್ನೇ.

ಚಹಾ ಕುಡಿದು ಕಪ್ಪು ಕೆಳಗಿಡುವಷ್ಟರಲ್ಲಿ ಗಿರಣಿ ಗುಡುಗಿತು. ಖಾರದ ಘಾಟು ಓಣಿ ತುಂಬಿತು. ಇಡೀ ಜೀಪು ಒಟ್ಟಿಗೆ ಸೀನಿತು. ಆವತ್ತಿನಿಂದ ಮಧ್ಯಾಹ್ನ ಕರೆಂಟ್ ಹೋಗಿಲ್ಲ. ಚಾಚಿಯ ಗಿರಾಕಿಗಳು ರಾಯಾಪುರದಿಂದ ತಿರುಗಿ ಬಂದರು. ಒಬ್ಬ ಅಧಿಕಾರಿಯ ಹಟಕ್ಕೆ ತೆರೆದುಕೊಂಡ ಹಾದಿ ಇಷ್ಟು ದಿನ ನಮ್ಮ ಅರ್ಜಿಗೆ ಯಾಕೆ ತೆರೆಯಲಿಲ್ಲ ಎಂದು ನಾನು ಈಗಲೂ ಕೇಳುತ್ತಿದ್ದೇನೆ. ಉತ್ತರ ಬರುವವರೆಗೂ ಕೇಳುತ್ತೇನೆ.

ಆದರೆ ಓಣಿಯವರು ಇವತ್ತಿಗೂ ಹೊಟ್ಟೆ ಹಿಡಿದು ನಗುವುದು ಆಮೇಲೆ ನಡೆದದ್ದಕ್ಕೆ. ಚೀಲ ಇಳಿದು ಮುಗಿಯಲು ಇನ್ನೂ ಹೊತ್ತಿತ್ತು. ಸಾಹೇಬರು ಕಣ್ಣೊರೆಸಿಕೊಳ್ಳುತ್ತ ಕೂಗಿದರು: "ಕರೆಂಟ್ ಕೊಟ್ಟೆನಲ್ಲ, ಇನ್ನರ ಟೆಂಪೋ ಸರಸ್ರಿ! ನಮ್ಮ ಜೀಪೂ ಖಾಲಿ ಇಲ್ಲ. ಇದೂ ತುಂಬಿದ ಗಾಡೀನ!"

ಚಾಚಿ ಸೆರಗಿಗೆ ಕೈ ಒರೆಸುತ್ತ ಬಂದಳು. ಜೀಪಿನ ಕಿಟಕಿಯಲ್ಲಿ ತಲೆ ಹಾಕಿದಳು. ಮುಂದೆ ಕೂತಿದ್ದ ಸಾಹೇಬರನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದೆ ಕೂತಿದ್ದ ಮೂವರನ್ನೂ ಒಬ್ಬೊಬ್ಬರಾಗಿ ನೋಡಿದಳು. ಬಗ್ಗಿ ಸೀಟಿನ ಕೆಳಗೂ ನೋಡಿದಳು. ಆಮೇಲೆ ಡ್ರೈವರನ ಕಡೆ ತಿರುಗಿ ಹೇಳಿದಳು:

"ಏನೂ ಇಲ್ಲೋ ಯಪ್ಪಾ ಇದರಾಗ. ಖಾಲಿನ ಐತಿ. ಹಿಂದ ತಗೋ."